ದೂರದ ಬೈಕ್ ರೈಡಿಗೆ ಬಿಸಿಲಿನ ಲೆಕ್ಕ: ಕೊಡಗಿನಿಂದ ಹೊರಡುವವರಿಗೆ

"ಮಡಿಕೇರಿಯಿಂದ ಎಷ್ಟು ಗಂಟೆಗೆ ಹೊರಡಲಿ?" ದೂರದ ರೈಡ್ ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಒಂದು ದಿನಕ್ಕೆ 600 ಕಿ.ಮೀ. ಹೋಗುವವರೂ ಕೇಳುತ್ತಾರೆ, 24 ಗಂಟೆಯಲ್ಲಿ 1,600 ಹೊಡೆಯುತ್ತೇನೆ ಅನ್ನುವವರೂ ಕೇಳುತ್ತಾರೆ. ನಾನು ತಿರುಗಿ ಕೇಳುವುದು, "ಯಾವ ತಿಂಗಳು? ಯಾವ ದಿಕ್ಕಿಗೆ?" ಇದು ಗೊತ್ತಿಲ್ಲದೆ ಗಂಟೆ ಹೇಳುವುದು ಸುಮ್ನೆ. ಡಿಸೆಂಬರಿನಲ್ಲಿ ಸರಿಹೋದ ಸಮಯಕ್ಕೇ ಮೇ ತಿಂಗಳಲ್ಲಿ ಹೊರಟರೆ ಸಂಜೆ ಎರಡು ಗಂಟೆ ಹೊತ್ತು ಸೂರ್ಯನನ್ನೇ ನೋಡುತ್ತಾ ಓಡಿಸಬೇಕಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಗ್ಲೇರ್ ಬಗ್ಗೆ. ಗ್ಲೇರ್ ಅಂದರೆ ಕಣ್ಣು ಕುಕ್ಕುವ ಬೆಳಕು. ನೆತ್ತಿ ಮೇಲಿನ ಬಿಸಿಲು ಸುಡುತ್ತದೆ ನಿಜ, ಆದರೆ ರಸ್ತೆ ಕಾಣದ ಹಾಗೆ ಮಾಡುವುದು ಬೆಳಿಗ್ಗೆ ಮತ್ತು ಸಂಜೆಯ ತಗ್ಗು ಬಿಸಿಲು. ಅರ್ಧ ಗಂಟೆ ಅದರ ಎದುರು ಓಡಿಸಿದರೆ ಹುಬ್ಬು ಗಂಟಿಕ್ಕಿ ಹಣೆ ನೋಯುತ್ತದೆ. ದಿನವಿಡೀ ಓಡಿಸುವವನಿಗೆ ಆ ಸುಸ್ತು ಸಂಜೆಗೆ ಬಡ್ಡಿ ಸಮೇತ ಬರುತ್ತದೆ.

ಬೇಕಾಗುವುದು ಜಾಸ್ತಿ ಏನಿಲ್ಲ. ಫೋನಿನಲ್ಲಿ ಮ್ಯಾಪ್, ಒಂದು ಹಾಳೆ, ಪೆನ್ನು. ಹೆಲ್ಮೆಟ್ಟಿಗೆ ಗೀರಿಲ್ಲದ ಬಿಳಿ ವೈಸರ್, ಅಂದರೆ ಮುಖದ ಮುಂದಿನ ಪಾರದರ್ಶಕ ಕವಚ. ಒಂದು ಒಳ್ಳೆಯ ಕೂಲಿಂಗ್ ಗ್ಲಾಸ್, ಕರೆಂಟ್ ಕೆಲಸದವರ ಕಪ್ಪು ಟೇಪ್, ಸಣ್ಣ ಬಾಟಲಿಯಲ್ಲಿ ನೀರು, ಮೆತ್ತಗಿನ ಬಟ್ಟೆ. ಇಷ್ಟೇ.

1. ಮೊದಲು ತಿಂಗಳು ನೋಡಿ

ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ವರ್ಷಕ್ಕೆ ಎರಡೇ ಸಲ, ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸು. ದಿಕ್ಸೂಚಿಯ ಲೆಕ್ಕದಲ್ಲಿ ಉತ್ತರ 0 ಡಿಗ್ರಿ, ಪೂರ್ವ 90, ದಕ್ಷಿಣ 180, ಪಶ್ಚಿಮ 270. ನಮ್ಮ ಕಡೆ ಜೂನ್ ಕೊನೆಯಲ್ಲಿ ಸೂರ್ಯ 66 ಡಿಗ್ರಿಯಲ್ಲಿ ಹುಟ್ಟುತ್ತಾನೆ, ಅಂದರೆ ಈಶಾನ್ಯದ ಕಡೆ ವಾಲಿ. ಡಿಸೆಂಬರ್ ಕೊನೆಯಲ್ಲಿ 114 ಡಿಗ್ರಿ, ಆಗ್ನೇಯದ ಕಡೆ ವಾಲಿ. ಮುಳುಗುವುದೂ ಹಾಗೇ: ಜೂನಿನಲ್ಲಿ 294, ಡಿಸೆಂಬರಿನಲ್ಲಿ 246. ಆರು ತಿಂಗಳಲ್ಲಿ 48 ಡಿಗ್ರಿ ವ್ಯತ್ಯಾಸ. ಕಣ್ಣಿಗೆ ಹೊಡೆಯುವುದಕ್ಕೂ ಪಕ್ಕದಲ್ಲಿ ಹಾದುಹೋಗುವುದಕ್ಕೂ ಇಷ್ಟು ಸಾಕು.

ಸಮಯದಲ್ಲೂ ಒಂದು ಸಿಕ್ಕು ಇದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ, ಮಡಿಕೇರಿ ಇರುವುದು 75.7ರಲ್ಲಿ. ಹಾಗಾಗಿ ನಮ್ಮ ನಿಜವಾದ ಮಧ್ಯಾಹ್ನ, ಅಂದರೆ ಸೂರ್ಯ ಅತಿ ಎತ್ತರಕ್ಕೆ ಬರುವ ಹೊತ್ತು, ಸುಮಾರು 12.27ಕ್ಕೆ. ಅದೂ ಒಂದೇ ಕಡೆ ನಿಲ್ಲುವುದಿಲ್ಲ, ವರ್ಷದೊಳಗೆ ಕಾಲು ಗಂಟೆಯಷ್ಟು ಹಿಂದೆ ಮುಂದೆ ಆಗುತ್ತದೆ. ಇದರಿಂದಾಗಿ ಸೂರ್ಯ ಅತಿ ತಡವಾಗಿ ಹುಟ್ಟುವುದು ಡಿಸೆಂಬರಿನಲ್ಲಿ ಅಲ್ಲ, ಜನವರಿ ಕೊನೆಯಲ್ಲಿ, 6.55ರ ಹೊತ್ತಿಗೆ. ಅತಿ ಬೇಗ ಮುಳುಗುವುದು ನವೆಂಬರ್ ಮಧ್ಯದಲ್ಲಿ, 6 ಗಂಟೆಗೇ. ಜೂನ್ ಶುರುವಿನಲ್ಲಿ 6ಕ್ಕೇ ಹುಟ್ಟುತ್ತಾನೆ, ಜುಲೈ ಶುರುವಿನಲ್ಲಿ 7ಕ್ಕೆ ಐದು ನಿಮಿಷ ಇರುವಾಗ ಮುಳುಗುತ್ತಾನೆ. ಇವೆಲ್ಲ ಬಯಲಿನ ಲೆಕ್ಕ. ಬೆಟ್ಟ ಅಡ್ಡ ಇದ್ದ ಕಡೆ ಬೆಳಿಗ್ಗೆ ತಡ, ಸಂಜೆ ಬೇಗ.

ಇಷ್ಟೆಲ್ಲ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಸನ್‌ಕ್ಯಾಲ್ಕ್ ಅಂತ ಹುಡುಕಿ. ಮ್ಯಾಪಿನ ಮೇಲೆ ಊರು, ತಾರೀಕು, ಗಂಟೆ ಕೊಟ್ಟರೆ ಸೂರ್ಯ ಯಾವ ದಿಕ್ಕಿನಲ್ಲಿ ಎಷ್ಟು ಎತ್ತರದಲ್ಲಿದ್ದಾನೆ ಅಂತ ಗೆರೆ ಎಳೆದು ತೋರಿಸುತ್ತದೆ.

2. ರಸ್ತೆಯನ್ನು ತುಂಡು ಮಾಡಿ, ಒಂದೊಂದರ ದಿಕ್ಕು ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿ. "ಮೈಸೂರು ಪೂರ್ವಕ್ಕೆ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಮ್ಯಾಪಿನಲ್ಲಿ ಉತ್ತರ ಮೇಲಿರುವ ಹಾಗೆ ಇಟ್ಟು, ಊರಿಂದ ಊರಿಗೆ ಬೆರಳಿಟ್ಟು ನೋಡಿ.

ಕುಶಾಲನಗರದಿಂದ ಪಿರಿಯಾಪಟ್ಟಣ ದಾಟಿ ಹುಣಸೂರಿನವರೆಗೆ ರಸ್ತೆ ಒಟ್ಟಾರೆ ಆಗ್ನೇಯಕ್ಕೆ ವಾಲಿದೆ, ಸುಮಾರು 116 ಡಿಗ್ರಿ. ಡಿಸೆಂಬರ್ ಸೂರ್ಯ ಹುಟ್ಟುವುದು 114ರಲ್ಲಿ! ಬೇಕು ಅಂತಲೇ ಜೋಡಿಸಿಟ್ಟ ಹಾಗಿದೆ, ಅಲ್ವಾ? ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಏಳಕ್ಕೆ ಈ ರಸ್ತೆಯಲ್ಲಿ ಮೈಸೂರಿನ ಕಡೆ ಹೋಗುವವನಿಗೆ ಸೂರ್ಯ ಹೆಡ್‌ಲೈಟಿನ ನೇರಕ್ಕೇ ನಿಂತಿರುತ್ತಾನೆ. ಇದೇ ರಸ್ತೆಯಲ್ಲಿ ವಾಪಸ್ ಬರುವಾಗ ದಿಕ್ಕು 296. ಮೇ ತಿಂಗಳ ಸಂಜೆ ಮನೆಗೆ ಬರುವವನಿಗೆ ಮುಳುಗುವ ಸೂರ್ಯ ಮುಖಕ್ಕೇ ಸಿಗುತ್ತಾನೆ. ಜೂನ್, ಜುಲೈನಲ್ಲೂ ಹಾಗೇ ಆಗಬೇಕು, ಆದರೆ ಆಗ ನಮ್ಮ ಕಡೆ ಸೂರ್ಯನನ್ನು ನೋಡಿದವರಾರು.

ಹುಣಸೂರಿನಿಂದ ಮೈಸೂರು ನೇರ ಪೂರ್ವ. ಅದು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಕಾಡುವ ರಸ್ತೆ. ಮೈಸೂರಿನಿಂದ ಶ್ರೀರಂಗಪಟ್ಟಣ, ನಾಗಮಂಗಲದ ಮೇಲೆ ಹಿರಿಯೂರು ಹೆಚ್ಚುಕಡಿಮೆ ನೇರ ಉತ್ತರ. ಬೆಳಿಗ್ಗೆ ಇಲ್ಲಿ ಓಡಿಸುವವನಿಗೆ ಸೂರ್ಯ ಬಲಗೆನ್ನೆಗೆ, ವರ್ಷದ ಯಾವ ತಿಂಗಳಾದರೂ ಸರಿ. ಚಿತ್ರದುರ್ಗದಿಂದ ಹುಬ್ಬಳ್ಳಿ, ಅಲ್ಲಿಂದ ಬೆಳಗಾವಿ ವಾಯವ್ಯಕ್ಕೆ, 310ರ ಆಸುಪಾಸು. ಬೆಳಗಾವಿ ದಾಟಿ ಕೊಲ್ಹಾಪುರದ ಕಡೆ ಮತ್ತೆ ಉತ್ತರಕ್ಕೆ ತಿರುಗುತ್ತದೆ.

ಈಗ ನನ್ನ ಲೆಕ್ಕ ಹೇಳುತ್ತೇನೆ. ರಸ್ತೆಯ ದಿಕ್ಕಿಗೂ ಸೂರ್ಯನ ದಿಕ್ಕಿಗೂ 30 ಡಿಗ್ರಿಗಿಂತ ಕಡಿಮೆ ಅಂತರ ಇದ್ದು, ಸೂರ್ಯ 20 ಡಿಗ್ರಿಗಿಂತ ತಗ್ಗಿನಲ್ಲಿದ್ದರೆ ಆ ತುಂಡಿಗೆ ಹಾಳೆಯಲ್ಲಿ ಕೆಂಪು ಗೆರೆ. 20 ಡಿಗ್ರಿ ಅಂದರೆ ಎಷ್ಟು? ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಿಗಂತದ ಮೇಲೆ ಒಂದರ ಮೇಲೊಂದು ಎರಡು ಮುಷ್ಟಿ ಇಟ್ಟು, ಸೂರ್ಯ ಅದಕ್ಕಿಂತ ಮೇಲಿದ್ದರೆ ತೊಂದರೆ ಕಳೆಯಿತು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ನಮ್ಮ ಕಡೆ ಬಹುತೇಕ ನೇರವಾಗಿ ಏರುತ್ತಾನೆ, ಇಳಿಯುತ್ತಾನೆ. ಹಾಗಾಗಿ ಒಂದು ಮುಷ್ಟಿ ಅಂದರೆ 40ರಿಂದ 45 ನಿಮಿಷ. ಸಂಜೆ ಪೆಟ್ರೋಲ್ ಬಂಕಿನಲ್ಲಿ ನಿಂತು ಮುಷ್ಟಿ ಹಿಡಿದು ನೋಡಿ, ಇನ್ನೆಷ್ಟು ಹೊತ್ತು ಬೆಳಕಿದೆ ಅಂತ ಫೋನ್ ತೆಗೆಯದೆ ಗೊತ್ತಾಗುತ್ತದೆ. ಪಕ್ಕದವರು ನಗುತ್ತಾರೆ, ನಗಲಿ.

3. ಬ್ರೇಕನ್ನು ಕೆಂಪು ಗೆರೆಯ ಮೇಲೆ ಕೂರಿಸಿ

ಇಡೀ ಲೇಖನದಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ದಿನಕ್ಕೆ 600 ಕಿ.ಮೀ. ಓಡಿಸುವವನು ತಿಂಡಿಗೆ, ಟೀಗೆ, ಪೆಟ್ರೋಲಿಗೆ ಹೇಗೂ ನಿಲ್ಲುತ್ತಾನೆ. ಎಲ್ಲ ಸೇರಿದರೆ ಎರಡೂವರೆ, ಮೂರು ಗಂಟೆ. ಆದರೆ ನಿಲ್ಲುವುದು ಹೊಟ್ಟೆ ಹಸಿದಾಗ. ಒಳ್ಳೆಯ ಬೆಳಕಿನಲ್ಲಿ ಆರಾಮಾಗಿ ಕೂತು ದೋಸೆ ತಿಂದು, ಕೆಟ್ಟ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಓಡಿಸುತ್ತಾರೆ. ಅದನ್ನೇ ತಿರುಗಿಸಿ.

ಡಿಸೆಂಬರಿನಲ್ಲಿ ಮಡಿಕೇರಿಯಿಂದ ಬೆಳಗಾವಿಗೆ ಹೋಗುತ್ತೀರಿ ಅಂತ ಇಟ್ಟುಕೊಳ್ಳಿ, ಸುಮಾರು 650 ಕಿ.ಮೀ. ನಾನಾದರೆ 4.45ಕ್ಕೆ ಹೊರಡುತ್ತೇನೆ. ಹುಣಸೂರು 75 ಕಿ.ಮೀ., ಮಂಜಿನಲ್ಲಿ ನಿಧಾನಕ್ಕೆ ಬಂದರೂ 6.40ಕ್ಕೆ ಮುಟ್ಟಬಹುದು. ಸೂರ್ಯ ಹುಟ್ಟುವುದೂ ಆಗಲೇ. ಅಲ್ಲಿಗೆ 116 ಡಿಗ್ರಿಯ ಕೆಟ್ಟ ತುಂಡು ಹಿಂದೆ ಬಿತ್ತು. ಅಲ್ಲೇ ತಿಂಡಿ, 7.30ರವರೆಗೆ. ಎದ್ದು ಮೈಸೂರಿನ ಕಡೆ ಹೊರಟಾಗ ರಸ್ತೆ 90 ಡಿಗ್ರಿ, ಸೂರ್ಯ ಅದಕ್ಕಿಂತ ಸುಮಾರು 27 ಡಿಗ್ರಿ ಬಲಕ್ಕೆ, ಒಂದು ಮುಷ್ಟಿ ಮೇಲೆ. ಪೂರ್ತಿ ಸುಖ ಅಲ್ಲ, ಆದರೆ ಓಡಿಸಬಹುದು. ಅಷ್ಟೂ ಬೇಡ ಅನ್ನುವವರು ಹುಣಸೂರಿನಿಂದ ಕೆ.ಆರ್. ನಗರದ ಕಡೆ ತಿರುಗಿದರೆ ರಸ್ತೆ ಈಶಾನ್ಯಕ್ಕೆ ಹೋಗುತ್ತದೆ, ಸೂರ್ಯ ಪಕ್ಕಕ್ಕೆ ಸರಿಯುತ್ತಾನೆ. ಮೈಸೂರು ದಾಟಿ ಉತ್ತರಕ್ಕೆ ತಿರುಗಿದ ಮೇಲೆ ಹಿರಿಯೂರಿನವರೆಗೆ ಚಿಂತೆ ಇಲ್ಲ. ಊಟ ಹಿರಿಯೂರಿನಲ್ಲಿ, ಸಂಜೆ ನಾಲ್ಕೂವರೆಗೆ ಹುಬ್ಬಳ್ಳಿ. ಬೆಳಗಾವಿಯ ಕಡೆ ಓಡಿಸುವಾಗ ಸೂರ್ಯ 246ರಲ್ಲಿ ಮುಳುಗುತ್ತಿರುತ್ತಾನೆ, ನಿಮ್ಮ ರಸ್ತೆ 309. ಎಡಗಡೆ 63 ಡಿಗ್ರಿ ದೂರ.

ಇದೇ ದಾರಿ ಮೇ ತಿಂಗಳಿಗೆ ಪೂರ್ತಿ ತಲೆಕೆಳಗು. ಬೆಳಿಗ್ಗೆ ಹುಣಸೂರು ರಸ್ತೆಯಲ್ಲಿ ಸೂರ್ಯ ಎಡಕ್ಕೆ ವಾಲಿರುತ್ತಾನೆ, ಬೆಳಕಾದ ಮೇಲೇ ಹೊರಟರೂ ನಡೆಯುತ್ತದೆ. ಸಂಜೆ ಹುಬ್ಬಳ್ಳಿಯಿಂದ ಬೆಳಗಾವಿ ಮಾತ್ರ ಸೂರ್ಯನ ಬಾಯಿಗೇ ಹೋದ ಹಾಗೆ, ಅಂತರ 20 ಡಿಗ್ರಿಯ ಆಸುಪಾಸು ಅಷ್ಟೇ. ಹಾಗಾಗಿ ಮೇನಲ್ಲಿ ಸಂಜೆ ಐದೂವರೆಗೆ ಹುಬ್ಬಳ್ಳಿಯಲ್ಲಿ ಕೂತು ಗಿರಮಿಟ್ಟು, ಮಿರ್ಚಿ ತಿನ್ನಿ. ಏಳಕ್ಕೆ ಏಳಿ.

ಡಿಸೆಂಬರಿನಲ್ಲಿ ವಾಪಸ್ ಬರುವವರು ಎಚ್ಚರ. ಬೆಳಗಾವಿಯಿಂದ ಚಿತ್ರದುರ್ಗದವರೆಗೆ ರಸ್ತೆ ಆಗ್ನೇಯಕ್ಕೆ, 130 ಡಿಗ್ರಿ. ಸೂರ್ಯ 114ರಲ್ಲಿ ಹುಟ್ಟಿ ಏರುತ್ತಾ ಏರುತ್ತಾ ನಿಮ್ಮ ರಸ್ತೆಯ ಕಡೆಗೇ ಸರಿಯುತ್ತಾನೆ. ಏಳರಿಂದ ಎಂಟೂವರೆ ಈ ಹೆದ್ದಾರಿಯಲ್ಲಿ ಇರಲೇಬೇಡಿ. ಒಂದೋ ನಾಲ್ಕೂವರೆಗೆ ಹೊರಟು ಹುಬ್ಬಳ್ಳಿ ದಾಟಿ ಎಲ್ಲಾದರೂ ತಿಂಡಿಗೆ ನಿಲ್ಲಿ, ಇಲ್ಲವೇ ಬೆಳಗಾವಿಯಲ್ಲೇ ಎಂಟೂವರೆವರೆಗೆ ಮಲಗಿ. ನಾನು ಮಲಗುವ ಪಕ್ಷದವನು.

4. ಕೊಡಗು ದಾಟುವುದೇ ಒಂದು ಬೇರೆ ಕೆಲಸ

ಸೂರ್ಯ ಹುಟ್ಟುವ ಮುಂಚೆ ಹೊರಡಿ ಅಂದೆನಲ್ಲ, ಅದಕ್ಕೊಂದು ಬೆಲೆ ಇದೆ. ಸುಂಟಿಕೊಪ್ಪ ದಾಟಿ ಕುಶಾಲನಗರಕ್ಕೆ ಬರುವಾಗ ಆನೆಕಾಡು. ಹೆಸರು ಸುಮ್ನೆ ಇಟ್ಟಿದ್ದಲ್ಲ. ತೋಟದಿಂದ ಕಾಡಿಗೆ ಆನೆಗಳು ವಾಪಸ್ ಹೋಗುವುದು ಅದೇ ಹೊತ್ತಿಗೆ. ಕತ್ತಲಲ್ಲಿ ಆನೆ ಕಪ್ಪಗೆ ನಿಂತಿದ್ದರೆ ಹೆಡ್‌ಲೈಟಿಗೆ ಮಿನುಗುವಂಥದ್ದು ಏನೂ ಸಿಗುವುದಿಲ್ಲ. ಒಬ್ಬರೇ ಇದ್ದರೆ ಕುಶಾಲನಗರದ ಕಡೆ ಹೋಗುವ ಮೊದಲ ಸರ್ಕಾರಿ ಬಸ್ಸಿನ ಹಿಂದೆ, ಸ್ವಲ್ಪ ಅಂತರ ಬಿಟ್ಟು ಹೋಗಿ. ಬಸ್ಸು ನಿಂತರೆ ನೀವೂ ನಿಲ್ಲಿ. ಹಾರ್ನ್ ಬೇಡ, ಓವರ್‌ಟೇಕ್ ಬೇಡ.

ದಕ್ಷಿಣಕ್ಕೆ ಹೋಗುವವರಿಗೆ ಬೇಗ ಹೊರಟು ಪ್ರಯೋಜನ ಇಲ್ಲ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗೇಟಿನ ಮುಂದೆ ಚಳಿಯಲ್ಲಿ ನಿಂತು ಏನು ಮಾಡುತ್ತೀರಿ.

ಇನ್ನು ಮಂಜು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ, ಅಂದರೆ ಹೆಡ್‌ಲೈಟನ್ನು ಮೇಲೆತ್ತಿದರೆ, ಬೆಳಕು ಅಷ್ಟೂ ಹನಿಗಳಿಗೆ ತಾಗಿ ನಿಮ್ಮ ಮುಖಕ್ಕೇ ವಾಪಸ್ ಬರುತ್ತದೆ. ಡಿಮ್ ಮಾಡಿ ಎಡಗಡೆಯ ಬಿಳಿ ಗೆರೆ ಹಿಡಿದು ಹೋಗಿ. ವೈಸರ್ ಒಳಗೆ ಉಸಿರು ಕಟ್ಟಿ ಮಬ್ಬಾಗುವವರು ಪಿನ್‌ಲಾಕ್ ಹಾಕಿಸಿ. ಅದು ವೈಸರ್ ಒಳಗೆ ಕೂರುವ ಇನ್ನೊಂದು ತೆಳು ಪದರ, ಎರಡರ ಮಧ್ಯೆ ಗಾಳಿ ನಿಲ್ಲುವುದರಿಂದ ಮಬ್ಬು ಹಿಡಿಯುವುದಿಲ್ಲ.

ಹಗಲಲ್ಲಿ ಹೊರಟರೂ ನಮ್ಮ ತೋಟದ ರಸ್ತೆಗಳಲ್ಲಿ ಬೇರೆ ಕಾಟ. ಸಿದ್ದಾಪುರದ ಕಡೆ, ಗೋಣಿಕೊಪ್ಪದ ಕಡೆ ಎರಡೂ ಬದಿ ಸಿಲ್ವರ್ ಓಕ್. ಎಂಟು ಗಂಟೆಯ ಬಿಸಿಲಿಗೆ ರಸ್ತೆ ತುಂಬಾ ಕಪ್ಪು ಬಿಳಿ ಪಟ್ಟೆ, ಹುಲಿ ಚರ್ಮ ಹಾಸಿದ ಹಾಗೆ. ನೋಡಲು ಚಂದ, ಫೋಟೊಗೂ ಚಂದ. ಆ ಪಟ್ಟೆಗಳ ಮಧ್ಯೆ ಬಣ್ಣ ಹೋದ ಹಂಪ್ ಒಂದಿದ್ದರೆ ಗೊತ್ತೇ ಆಗುವುದಿಲ್ಲ, ಗುಂಡಿ ಇದ್ದರೂ ಅದೂ ಒಂದು ನೆರಳಿನ ಹಾಗೇ ಕಾಣುತ್ತದೆ. ಪಟ್ಟೆ ಬಿದ್ದ ಕಡೆ 40ಕ್ಕೆ ಇಳಿಸಿ, ಮುಂದಿನ ಗಾಡಿ ಎಲ್ಲಿ ಕುಲುಕಿತು ನೋಡಿ. ಇಲ್ಲಿ ಕಪ್ಪು ಗ್ಲಾಸ್ ಹಾಕಿದರೆ ನೆರಳಿನ ಭಾಗ ಪೂರ್ತಿ ಮುಳುಗುತ್ತದೆ, ತೆಗೆಯಿರಿ.

ಮಾರ್ಚ್, ಏಪ್ರಿಲಿನ ಹೂಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾಫಿ ಹೂ ಅರಳಿಸುವ ಮಳೆ ತೋಟದವರಿಗೆ ಹಬ್ಬ. ಮಧ್ಯಾಹ್ನ ಸುರಿದು ಸಂಜೆ ಐದಕ್ಕೆ ಬಿಸಿಲು ಬಂತೆಂದರೆ ಒದ್ದೆ ಟಾರು ಕನ್ನಡಿ ಆಗುತ್ತದೆ. ಮೇಲೊಂದು ಸೂರ್ಯ, ಕೆಳಗೊಂದು ಸೂರ್ಯ. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳೂ ಆಗಲೇ ಮೇಲೆ ಬರುವುದರಿಂದ ಜಾರುವುದೂ ಜಾಸ್ತಿ. ಅರ್ಧ ಗಂಟೆ ಎಲ್ಲಾದರೂ ಕಾಯಿರಿ, ಒಣಗುತ್ತದೆ.

5. ಕಣ್ಣಿನ ಮುಂದಿನ ಗಾಜು

ಒಂದು ಸಾವಿರದ ಕೂಲಿಂಗ್ ಗ್ಲಾಸಿಗಿಂತ ಹೊಸ ವೈಸರ್ ಜಾಸ್ತಿ ಕೆಲಸ ಮಾಡುತ್ತದೆ. ಹಳೆ ವೈಸರಿನ ಸಣ್ಣ ಗೀರುಗಳು ನೆರಳಲ್ಲಿ ಕಾಣುವುದೇ ಇಲ್ಲ. ಎದುರು ಬಿಸಿಲು ಬಿದ್ದ ತಕ್ಷಣ ಒಂದೊಂದು ಗೀರೂ ಹೊಳೆದು ಇಡೀ ವೈಸರ್ ಬೆಳ್ಳಗಾಗುತ್ತದೆ. ಬೆಳಿಗ್ಗೆ ಅಂಗಳದಲ್ಲಿ ನಿಂತು ಹೆಲ್ಮೆಟ್ ಹಾಕಿ ಸೂರ್ಯ ಇರುವ ಕಡೆ ಮುಖ ಮಾಡಿ, ಸೂರ್ಯನನ್ನೇ ನೋಡಬೇಡಿ, ಮುಂದಿನ ಗೇಟು ನೋಡಿ. ಅದು ಮಬ್ಬಾಗಿ ಕಂಡರೆ ವೈಸರ್ ಬದಲಿಸಿ.

ಒರೆಸುವ ರೀತಿ ಇದು: ಬಟ್ಟೆ ಒದ್ದೆ ಮಾಡಿ ವೈಸರ್ ಮೇಲೆ ಐದು ನಿಮಿಷ ಹಾಸಿ, ಸತ್ತ ಹುಳ ನೆನೆದು ತಾನೇ ಬಿಡುತ್ತದೆ, ಆಮೇಲೆ ಮೆತ್ತಗೆ ಎಳೆಯಿರಿ. ಬಂಕಿನಲ್ಲಿ ನಿಂತು ಅಂಗಿ ತುದಿಯಿಂದ ಒಣ ಧೂಳು ಉಜ್ಜುತ್ತಾರಲ್ಲ, ಗೀರು ಬೀಳುವುದೇ ಹಾಗೆ. ಪೆಟ್ರೋಲ್, ಥಿನ್ನರ್, ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇ ಯಾವುದೂ ಬೇಡ. ವೈಸರ್ ಪಾಲಿಕಾರ್ಬೊನೇಟ್, ಅಂದರೆ ಗಟ್ಟಿ ಪ್ಲಾಸ್ಟಿಕ್. ಅದಕ್ಕೆ ಇವು ಆಗುವುದಿಲ್ಲ.

ಕೂಲಿಂಗ್ ಗ್ಲಾಸಿನಲ್ಲಿ 0ರಿಂದ 4ರವರೆಗೆ ದರ್ಜೆ ಇದೆ, ಒಳ್ಳೆಯದರ ಕಡ್ಡಿಯ ಒಳಗೆ ಬರೆದಿರುತ್ತದೆ. ದರ್ಜೆ 3 ಅಂದರೆ ನೂರರಲ್ಲಿ 8ರಿಂದ 18 ಪಾಲು ಬೆಳಕು ಒಳಗೆ ಬಿಡುತ್ತದೆ, ಹಗಲು ರೈಡಿಗೆ ಸಾಕು. ದರ್ಜೆ 4 ಬರೀ 3ರಿಂದ 8 ಪಾಲು, ಅದನ್ನು ಹಾಕಿ ಗಾಡಿ ಓಡಿಸಲೇಬಾರದು. ಇಲ್ಲೊಂದು ಗುಂಡಿ ಇದೆ. ಹೆಲ್ಮೆಟ್ ಒಳಗೆ ಇಳಿಸುವ ಕಪ್ಪು ಸನ್ ವೈಸರ್ 30 ಪಾಲು ಬೆಳಕು ಬಿಡುತ್ತದೆ ಅಂತಿಟ್ಟುಕೊಳ್ಳಿ, ಕೆಳಗೆ ದರ್ಜೆ 3ರ ಗ್ಲಾಸ್ 15 ಪಾಲು. ಎರಡೂ ಸೇರಿದರೆ ಕಣ್ಣಿಗೆ ಮುಟ್ಟುವುದು ನಾಲ್ಕೂವರೆ ಪಾಲು. ಗೊತ್ತಿಲ್ಲದೆ ದರ್ಜೆ 4 ಆಯಿತು. ಒಂದು ಹಾಕಿದರೆ ಇನ್ನೊಂದು ಬೇಡ.

ಪೋಲರೈಸ್ಡ್ ಗ್ಲಾಸ್, ಅಂದರೆ ರಸ್ತೆ ಮೇಲಿಂದ ಚಿಮ್ಮುವ ಹೊಳಪನ್ನು ಕತ್ತರಿಸುವ ಬಗೆಯದ್ದು, ಕಾರಿನವರಿಗೆ ಚೆನ್ನ. ಬೈಕಿನವರಿಗೆ ನಾನು ಹೇಳುವುದಿಲ್ಲ. ಒದ್ದೆ, ಎಣ್ಣೆ ಬಿದ್ದದ್ದು ನಮಗೆ ಗೊತ್ತಾಗುವುದೇ ಆ ಹೊಳಪಿನಿಂದ. ಕೆಲವು ಬೈಕುಗಳ ಡಿಜಿಟಲ್ ಮೀಟರ್, ಫೋನ್ ಸ್ಕ್ರೀನ್ ಅದರಲ್ಲಿ ಕಪ್ಪಾಗಿ ಕಾಣುತ್ತವೆ. ಬಿಸಿಲಿಗೆ ತಾನೇ ಕಪ್ಪಾಗುವ ಕನ್ನಡಕ ಇದ್ದವರೂ ಕೇಳುತ್ತಿರುತ್ತಾರೆ, "ಹೆಲ್ಮೆಟ್ ಹಾಕಿದರೆ ಕಪ್ಪಾಗಲ್ಲ ಯಾಕೆ?" ಅದು ಕಪ್ಪಾಗುವುದು ಅತಿನೇರಳೆ ಕಿರಣಕ್ಕೆ. ವೈಸರ್ ಅದನ್ನು ಹೊರಗೇ ತಡೆಯುತ್ತದೆ.

ಇನ್ನು ಹತ್ತು ಇಪ್ಪತ್ತು ರೂಪಾಯಿಯ ಉಪಾಯ. ವೈಸರಿನ ಮೇಲಂಚಿಗೆ ಕಪ್ಪು ಟೇಪನ್ನು ಒಂದು ಅಡ್ಡ ಪಟ್ಟಿ ಅಂಟಿಸಿ, ಒಂದು ಇಂಚು ಸಾಕು. ಬಿಸಿಲು ಎದುರಾದಾಗ ಗಲ್ಲವನ್ನು ಒಂಚೂರು ಕೆಳಗೆ ಮಾಡಿದರೆ ಸೂರ್ಯ ಪಟ್ಟಿಯ ಹಿಂದೆ ಹೋಗುತ್ತಾನೆ, ರಸ್ತೆ ಕೆಳಗೆ ಕಾಣುತ್ತಲೇ ಇರುತ್ತದೆ. ಒಂದೂವರೆ ಇಂಚು ದಾಟಿಸಬೇಡಿ, ಸಿಗ್ನಲ್ ದೀಪ ಮುಚ್ಚುತ್ತದೆ. ಮೊದಲು ಮನೆ ಸುತ್ತ ಓಡಿಸಿ ನೋಡಿ. ಎಡಗೈ ಎತ್ತಿ ಹಣೆಗೆ ಅಡ್ಡ ಹಿಡಿಯುವವರು ಟೇಪ್ ಹಾಕಿದ ಮೇಲೆ ಆ ಅಭ್ಯಾಸ ಬಿಡಲಿ.

6. ಆದರೂ ಬಿಸಿಲು ಎದುರಾಯಿತು, ಈಗ?

ಪ್ಲಾನ್ ತಪ್ಪುತ್ತದೆ. ಪಂಕ್ಚರ್ ಆಗುತ್ತದೆ, ಜೊತೆಯವನು ಏಳುವುದೇ ಇಲ್ಲ. ಆಗ ಮೊದಲು ವೇಗ ಇಳಿಸಿ. 80ರಲ್ಲಿ ಹೋಗುವವನು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತಾನೆ. ಮರದ ನೆರಳಿನಿಂದ ಬಿಸಿಲಿಗೆ ಬಂದು ಎರಡು ಸೆಕೆಂಡ್ ಕಣ್ಣು ಕತ್ತಲಾದರೆ 44 ಮೀಟರ್ ಕುರುಡಾಗಿ ಓಡಿಸಿದ ಹಾಗೆ.

ಎರಡನೆಯದು, ವಸ್ತು ಕಾಣದಿದ್ದರೆ ನೆರಳು ಹುಡುಕಿ. ಸೂರ್ಯ ಎದುರಿಗಿದ್ದಾಗ ಮುಂದಿರುವುದೆಲ್ಲದರ ನೆರಳು ನಿಮ್ಮ ಕಡೆಗೇ ಬೀಳುತ್ತದೆ. ಸೂರ್ಯ ಒಂದು ಮುಷ್ಟಿ ಎತ್ತರದಲ್ಲಿದ್ದರೆ ನೆರಳು ವಸ್ತುವಿನ ಐದೂವರೆ ಪಟ್ಟಿಗಿಂತ ಉದ್ದ, ಅರ್ಧ ಮುಷ್ಟಿಯಲ್ಲಿದ್ದರೆ ಹನ್ನೊಂದು ಪಟ್ಟು. ಒಮ್ಮೆ ಜನವರಿಯಲ್ಲಿ ಪಿರಿಯಾಪಟ್ಟಣ ದಾಟಿದ ಮೇಲೆ ನನಗೆ ಟ್ರ್ಯಾಕ್ಟರ್ ಕಾಣಲೇ ಇಲ್ಲ. ಟಾರಿನ ಮೇಲೆ ಕಪ್ಪಗೆ ಚೌಕಾಕಾರದ ನೆರಳೊಂದು ಮುಂದಿನ ಚಕ್ರಕ್ಕೆ ಮುಟ್ಟಿದ ಹಾಗಾಯಿತು, ಬ್ರೇಕ್ ಹಿಡಿದ ಮೇಲೆ ಟ್ರೈಲರಿನ ಹಿಂಬದಿಯ ಹಲಗೆ ಕಂಡಿತು. ಹಿಂದಿನ ದೀಪವೂ ಇಲ್ಲ, ಪ್ರತಿಫಲಕವೂ ಇಲ್ಲ. ಅಂದಿನಿಂದ ಎದುರು ಬಿಸಿಲಿನಲ್ಲಿ ನನ್ನ ಕಣ್ಣು ಇರುವುದು ರಸ್ತೆ ಮೇಲೇ.

ಅದೇ ಚಳಿಗಾಲದಲ್ಲಿ ನಾಗಮಂಗಲದ ಕಡೆಯ ಹಳ್ಳಿಗಳಲ್ಲಿ ಒಕ್ಕಣೆಗೆ ರಾಗಿ, ಹುರುಳಿ ರಸ್ತೆ ಮೇಲೇ ಹಾಸಿರುತ್ತಾರೆ. ಬಿಸಿಲಿನ ಬಣ್ಣ, ಹುಲ್ಲಿನ ಬಣ್ಣ ಒಂದೇ. ಹತ್ತಿರ ಬರುವವರೆಗೂ ಗೊತ್ತಾಗುವುದಿಲ್ಲ. ಅದರ ಮೇಲೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ಮೊದಲೇ ನಿಧಾನ ಮಾಡಿ ನೇರ ದಾಟಿ.

ಏನೂ ಕಾಣದಿದ್ದರೆ ನಿಲ್ಲಿ. ರಸ್ತೆ ಅಂಚಿನಲ್ಲಿ ಅಲ್ಲ, ಪೂರ್ತಿ ಒಳಗೆ, ಬಂಕಿನಲ್ಲೋ ಹೋಟೆಲಿನಲ್ಲೋ. ನಿಮಗೆ ಕಾಣದ ಬಿಸಿಲು ಹಿಂದೆ ಬರುವ ಲಾರಿಯವನಿಗೂ ಕಾಣದ ಬಿಸಿಲೇ.

7. ಬಿಸಿಲು ಬೆನ್ನಿಗಿದ್ದರೆ

ಆಹಾ, ಎಷ್ಟು ಚೆನ್ನಾಗಿ ಕಾಣುತ್ತಿದೆ ಅನ್ನಿಸುತ್ತದೆ. ನಿಮಗೆ ಕಾಣುತ್ತದೆ, ಎದುರಿನವನಿಗೆ ನೀವು ಕಾಣುವುದಿಲ್ಲ. ನಿಮ್ಮ ನೆರಳು ಉದ್ದಕ್ಕೆ ಮುಂದೆ ಬಿದ್ದಿದೆಯಾ? ಹಾಗಾದರೆ ಆ ನೆರಳು ಯಾರ ಕಡೆ ಬೊಟ್ಟು ಮಾಡುತ್ತಿದೆಯೋ ಅವನ ಕಣ್ಣಲ್ಲಿ ಸೂರ್ಯ ಇದ್ದಾನೆ. ಎದುರಿನಿಂದ ಓವರ್‌ಟೇಕ್ ಮಾಡುವವನು, ಬಲಕ್ಕೆ ತಿರುಗಲು ನಿಂತವನು ಇಬ್ಬರೂ ನಿಮ್ಮನ್ನು ನೋಡಿಲ್ಲ ಅಂತಲೇ ಓಡಿಸಿ. 2017ರ ಏಪ್ರಿಲಿನಿಂದ ಬಂದ ಬೈಕುಗಳಲ್ಲಿ ಹೆಡ್‌ಲೈಟ್ ಯಾವಾಗಲೂ ಉರಿಯುತ್ತಿರುತ್ತದೆ, ಆದರೆ ಬೆನ್ನ ಹಿಂದೆ ಸೂರ್ಯ ಇದ್ದಾಗ ಆ ದೀಪ ಲೆಕ್ಕಕ್ಕಿಲ್ಲ.

8. ಸಂಜೆಯಿಂದ ಕತ್ತಲಿಗೆ

ನಮ್ಮ ಕಡೆ ಮುಸ್ಸಂಜೆ ಬಹಳ ಚಿಕ್ಕದು. ಸೂರ್ಯ ಮುಳುಗಿ 20, 25 ನಿಮಿಷಕ್ಕೆ ಕತ್ತಲು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅದಕ್ಕೂ ಹೆಚ್ಚು ಬೇಕು, ಅರ್ಧ ಗಂಟೆಯವರೆಗೆ. ಹಗಲೆಲ್ಲ ಬರಿಗಣ್ಣಲ್ಲಿ ಓಡಿಸಿದವರಿಗೆ ಇನ್ನೂ ನಿಧಾನ, ವಯಸ್ಸಾದವರಿಗೂ ನಿಧಾನ. ಹಾಗಾಗಿ ಹಗಲು ಗ್ಲಾಸ್ ಹಾಕುವುದು ರಾತ್ರಿಯ ಕಣ್ಣಿಗಾಗಿ ಅಂತಲೂ ತಿಳಿಯಿರಿ. ಸಂಜೆಯ ಟೀ ಬ್ರೇಕಿನಲ್ಲೇ ಗ್ಲಾಸ್ ಪೆಟ್ಟಿಗೆಗೆ ಹೋಗಲಿ, ಟೇಪ್ ಪಟ್ಟಿ ಕೀಳಿ, ವೈಸರ್ ತೊಳೆಯಿರಿ. ಕಪ್ಪು ವೈಸರ್ ಒಂದೇ ತಂದವರು ಅಲ್ಲಿಗೆ ರೈಡ್ ನಿಲ್ಲಿಸಬೇಕು, ಬೇರೆ ದಾರಿ ಇಲ್ಲ. ಹಳದಿ ನೈಟ್ ಗ್ಲಾಸಿಗೆ ದುಡ್ಡು ಹಾಕಬೇಡಿ. ಯಾವ ಬಣ್ಣದ ಗಾಜಾದರೂ ಬರುವ ಚೂರು ಬೆಳಕನ್ನೂ ಕಡಿಮೆಯೇ ಮಾಡುತ್ತದೆ.

ಎದುರಿನವನು ಡಿಮ್ ಮಾಡದಿದ್ದರೆ ಅವನ ದೀಪ ನೋಡಬೇಡಿ, ಎಡಗಡೆಯ ಬಿಳಿ ಗೆರೆ ನೋಡಿ. ನೀವೂ ಹೈ ಬೀಮ್ ಹಾಕಿ ಸೇಡು ತೀರಿಸಿಕೊಂಡರೆ ರಸ್ತೆಯಲ್ಲಿ ಇಬ್ಬರು ಕುರುಡರಾಗುತ್ತಾರೆ ಅಷ್ಟೆ.

9. 24 ಗಂಟೆಯ ರೈಡಿಗೆ ಕೈ ಹಾಕುವವರಿಗೆ

ದೂರದ ಬೈಕ್ ರೈಡರ್‌ಗಳ ಅಮೆರಿಕದ ಸಂಘ ಐರನ್ ಬಟ್ ಅಸೋಸಿಯೇಶನ್ನಿನ ಸ್ಯಾಡಲ್‌ಸೋರ್ 1000 ಅಂದರೆ 24 ಗಂಟೆಯಲ್ಲಿ 1,000 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 1,610 ಕಿ.ಮೀ. ಸಮಯ, ಜಾಗ ಇರುವ ಪೆಟ್ರೋಲ್ ಬಿಲ್ಲುಗಳು, ಓಡೋಮೀಟರ್ ಲೆಕ್ಕ ಕೊಟ್ಟರೆ ಪ್ರಮಾಣಪತ್ರ. ಕೇಳಲು ಚೆನ್ನ. ಲೆಕ್ಕ ಹಾಕಿ ನೋಡಿ: ನಿಲ್ಲದೇ ಹೋದರೂ ಗಂಟೆಗೆ 67 ಸರಾಸರಿ. ಮೂರು ಗಂಟೆ ನಿಂತರೆ 77. ನಾಲ್ಕು ಲೇನಿನ ಹೆದ್ದಾರಿಯಲ್ಲಿ ಬೈಕಿಗೆ ಇರುವ ಮಿತಿಯೇ 80. ಹಾಗಾಗಿ ಬಿಸಿಲಿಗೆ ನಿಧಾನ ಮಾಡಲು ಬೇಕಾದ ಸಮಯ ಎಲ್ಲಿಂದ ಬರುತ್ತದೆ ಹೇಳಿ. ಮಿತಿ ಮೀರಿ ಓಡಿಸಿ ಸರಿದೂಗಿಸುತ್ತೇನೆ ಅನ್ನುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ. ಮೊದಲು 600, ಆಮೇಲೆ 800, ಹಗಲಲ್ಲೇ ಮಾಡಿ ನೋಡಿ.

ಮಾಡಿಯೇ ಮಾಡುತ್ತೇನೆ ಅಂದರೆ ಮಡಿಕೇರಿಯಿಂದ ಶುರು ಮಾಡಬೇಡಿ. ಮಂಜು, ಆನೆ, ಎರಡು ಲೇನಿನ ರಸ್ತೆ ಎಲ್ಲ ಸೇರಿ ಮೊದಲ ಮೂರು ಗಂಟೆಯಲ್ಲೇ ಸರಾಸರಿ ಕೂತುಹೋಗುತ್ತದೆ. ಬೆಂಗಳೂರು ಕಡೆ ಹೋಗಿ ಶುರು ಮಾಡೋಣ ಅನ್ನುವವರು ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮರೆಯಬೇಡಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯೇ ಗತಿ. ಹಿಂದಿನ ದಿನವೇ ಹಿರಿಯೂರಿಗೆ ಹೋಗಿ ಮಲಗಿ, ಮೊದಲ ಬಿಲ್ಲು ಅಲ್ಲಿ ಹಾಕಿಸಿ. ಡಿಸೆಂಬರಿನಲ್ಲಿ ಬೆಳಿಗ್ಗೆ ವಾಯವ್ಯಕ್ಕೆ ಹೊರಟರೆ ಸೂರ್ಯ ಬೆನ್ನಿಗೆ. ವಾಪಸ್ ಬರುವ ಆಗ್ನೇಯದ ತುಂಡು ರಾತ್ರಿಯಲ್ಲಿ ಮುಗಿಯಬೇಕು, ಬೆಳಕು ಹರಿಯುವ ಮುಂಚೆ ಕೊನೆಯ ಬಿಲ್ಲು ಕೈಯಲ್ಲಿರಬೇಕು. ನಸುಕು ನಾಲ್ಕಕ್ಕೆ ಶುರು ಮಾಡಿದರೆ ನಾಲ್ಕಕ್ಕೇ ಮುಗಿಯುತ್ತದೆ, ಆ ಲೆಕ್ಕ ಚೆನ್ನಾಗಿ ಕೂರುತ್ತದೆ. ಮುಗಿಸಿದ ಕೂಡಲೇ ಮನೆಗೆ ಅಂತ ಹೊರಡಬೇಡಿ. ಹಿರಿಯೂರಿನಲ್ಲೇ ರೂಮು ಇನ್ನೊಂದು ದಿನಕ್ಕೆ ಹೇಳಿಟ್ಟಿರಿ, ಪರದೆ ಎಳೆದು ಮಲಗಿ, ಮಾರನೇ ದಿನ ತಿಂಡಿ ತಿಂದು ಬನ್ನಿ.